ನೆಲಕ್ಕೆ ಕೊಟ್ಟ ತಂತಿ, ಮೈಗೆ ಬಂದ ದೇವರು

ವಿದ್ಯುತ್ ಇಲಾಖೆಯ ಮಾನ್ಯ ಮೇಲಧಿಕಾರಿಗಳೇ,

ಅಫಜಲಪುರ ತಾಲ್ಲೂಕಿನ ಅತನೂರಿನಲ್ಲಿ, ನನ್ನ ಮನೆಯಲ್ಲಿ ಹುಟ್ಟಿದ ಮೊಮ್ಮಗಳು ಯುಗಾದಿ ಮುಗಿದ ಮೇಲೆ ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನಕ್ಕೆ, ತನ್ನ ತಂದೆಯ ಮನೆಗೆ ಹೋಗಲಿದ್ದಾಳೆ. ಆ ಮನೆಯ ಅಂಗಳದಲ್ಲಿ ನೆಟ್ಟಿರುವ ಒಂದು ಕಬ್ಬಿಣದ ಸಲಾಕೆಯನ್ನು ಕೂಸಿನ ಕೈಯಿಂದ ಮುಟ್ಟಿಸಿಯೇ ಹೊಸ್ತಿಲು ದಾಟಿಸಬೇಕೆಂದು ಅವಳ ಅಜ್ಜಿ, ಅಂದರೆ ನನ್ನ ಬೀಗತಿ ಗಂಗುಬಾಯಿಯವರು ಪಣ ತೊಟ್ಟಿದ್ದಾರೆ. ಸಲಾಕೆಯಲ್ಲಿ ದೇವರಿದ್ದಾನೆ ಎಂಬುದು ಅವರ ನಂಬಿಕೆ. ಅದರಲ್ಲಿ ಕರೆಂಟು ಇದೆ ಎಂಬುದು ನನ್ನ ಕೂಗು. ಅದು ಅಲ್ಲಿಗೆ ಬಂದದ್ದು ನಿಮ್ಮ ಕಂಬದ ಮೇಲಿನ ಸಡಿಲ ತಂತಿಯ ದೆಸೆಯಿಂದ ಎಂಬುದು ನನ್ನ ಆರೋಪ. ಈಗ ಪರದೆ ಮೇಲೇಳಲಿ!

ನಾನು ರೇವಣಪ್ಪ. ಹೊಲದಲ್ಲಿ ತೊಗರಿ ಬೆಳೆಯುತ್ತೇನೆ, ರಂಗದ ಮೇಲೆ ಪಾಪ ಬೆಳೆಯುತ್ತೇನೆ. ಪ್ರಾಯದಿಂದ ಇವತ್ತಿನವರೆಗೆ ನಾಟಕದಲ್ಲಿ ನನಗೆ ಖಳನಾಯಕನ ಪಾತ್ರವೊಂದೇ. ಜೇವರ್ಗಿಯಲ್ಲಿ ತಮ್ಮನ ಆಸ್ತಿ ನುಂಗಿದ್ದೇನೆ, ಯಡ್ರಾಮಿಯಲ್ಲಿ ಅತ್ತಿಗೆಗೆ ವಿಷ ಹಾಕಿದ್ದೇನೆ, ಆಳಂದದಲ್ಲಿ ನಾಯಕಿಯ ಜುಟ್ಟು ಹಿಡಿದು ಎಳೆಯುವಾಗ ಮುಂದಿನ ಸಾಲಿನ ಅಜ್ಜಿಯೊಬ್ಬಳು ಚಪ್ಪಲಿ ಬೀಸಿ ನನ್ನ ಕಿರೀಟ ಕೆಡವಿದ್ದಾಳೆ. ಮೈಕು ಕೆಟ್ಟರೂ ಊರ ಹೊರಗಿನ ಹೊಲದವರೆಗೆ ಕೇಳುವ ದನಿ ನನ್ನದು. ಆ ದನಿ ನಿಮ್ಮ ಕಚೇರಿಯ ಬಾಗಿಲೊಳಗೆ ಮಾತ್ರ ಹೋಗಲಿಲ್ಲ. ಆದ್ದರಿಂದ ಈ ಬಹಿರಂಗ ಪತ್ರ.

ದೀಪ ಹತ್ತಲು ಎರಡು ತಂತಿ ಬೇಕು ಎಂಬುದನ್ನು ತಾವು ಬಲ್ಲಿರಿ. ಒಂದರಲ್ಲಿ ಕರೆಂಟು ಬರಬೇಕು, ಅದಕ್ಕೆ ಫೇಸ್ ಎನ್ನುತ್ತೀರಿ. ಇನ್ನೊಂದರಲ್ಲಿ ಅದು ಹಿಂದಿರುಗಬೇಕು, ಅದಕ್ಕೆ ನ್ಯೂಟ್ರಲ್ ಎನ್ನುತ್ತೀರಿ. ನಮ್ಮ ಓಣಿಯಲ್ಲಿ ಈ ಎರಡನೆಯ ಪಾತ್ರಧಾರಿ ವರ್ಷಗಳಿಂದ ತಾಲೀಮಿಗೆ ನೆಟ್ಟಗೆ ಬಂದಿಲ್ಲ. ಕಂಬದ ಮೇಲೆ ಅದರ ಗಂಟು ಸಡಿಲ. ಗಾಳಿ ಬೀಸಿದರೆ ನಮ್ಮ ಮನೆಯ ಬಲ್ಬು ಮಿಂಚುಹುಳುವಾಗುತ್ತದೆ, ಪಕ್ಕದ ಮನೆಯ ಫ್ಯಾನು ಛಾವಣಿ ಕಿತ್ತುಕೊಂಡು ಹಾರಲು ನೋಡುತ್ತದೆ. ಹಿಂದೊಮ್ಮೆ ಇದನ್ನು ನಿಮ್ಮ ಲೈನ್‌ಮನ್‌ಗೆ ಹೇಳಿದೆ. ಪಾಪ, ಮಳೆಯಲ್ಲೂ ಕಂಬ ಹತ್ತುವ ಜೀವ. ಬೀಡಿ ಆರಿಸಿ ನಿಧಾನವಾಗಿ ಉಪದೇಶ ಮಾಡಿದ:

“ಕಾಕಾ, ನ್ಯೂಟ್ರಲ್ ಬರ್ತದ, ಹೋಗ್ತದ. ನೆಲ ಎಲ್ಲಿ ಹೋಗ್ತದ? ಅಂಗಳದ ದೀಪಕ್ಕ ಒಂದ ವಾಯರ್ ಬೋರ್ಡಿಂದ ತಗೋರಿ, ಇನ್ನೊಂದ ನೆಲಕ್ಕ ಕೊಟ್ಟುಬಿಡ್ರಿ.”

ಆಹಾ, ಎಂಥ ಸಂಭಾಷಣೆ! ನಾಟಕದವನಾದ ನಾನು ಮಾತಿನ ಮೋಡಿಗೇ ಬಿದ್ದೆ. ಬಚ್ಚಲ ಮೋರಿಯ ಪಕ್ಕ ಸದಾ ಹಸಿ ಇರುವ ಜಾಗದಲ್ಲಿ ಕಬ್ಬಿಣದ ಸಲಾಕೆ ಹೊಡೆದೆ, ದೀಪದ ಎರಡನೆಯ ತಂತಿಯನ್ನು ಅದಕ್ಕೆ ಸುತ್ತಿದೆ. ದೀಪ ಹತ್ತಿತು! ಓಣಿಯ ಪ್ರತಿ ಅಂಗಳದಲ್ಲೂ ಒಂದೊಂದು ಸಲಾಕೆ ಎದ್ದಿತು. ಬೇಸಿಗೆಯಲ್ಲಿ ನೆಲ ಒಣಗಿದಾಗ ದೀಪ ಮಂಕಾಗುತ್ತಿತ್ತು. ಆಗ ನನ್ನ ಹೆಂಡತಿ ಶಿವಕಾಂತಾ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: “ಏನ್ರೀ, ದೀಪಕ್ಕ ನೀರಡಿಕಿ ಆಗ್ಯಾದ ನೋಡ್ರಿ. ಒಂದ ತಂಬಿಗಿ ಹಾಕ್ರಿ!” ಸಲಾಕೆಯ ಬುಡಕ್ಕೆ ನೀರು ಸುರಿದರೆ ದೀಪ ಮತ್ತೆ ಕಣ್ಣರಳಿಸುತ್ತಿತ್ತು. ಎಣ್ಣೆಯ ದೀಪ ಕಂಡಿದ್ದೆವು, ಬ್ಯಾಟರಿಯ ದೀಪ ಕಂಡಿದ್ದೆವು. ನೀರು ಕುಡಿದು ಉರಿಯುವ ದೀಪವನ್ನು ಈ ಸೀಮೆಗೆ ದಯಪಾಲಿಸಿದ್ದು ತಮ್ಮ ಇಲಾಖೆ.

ಇದನ್ನು ತಮ್ಮವರು ನೋಡಲಿಲ್ಲವೇ? ನೋಡಿದರು. ತಿಂಗಳು ತಿಂಗಳು ಮೀಟರ್ ಓದಲು ಬರುವವರು ನೋಡಿದರು. ಒಮ್ಮೆ ನನ್ನ ಹೆಂಡತಿ ನೀರು ಹಾಕುತ್ತಿದ್ದಾಗ ಬಂದವರು ಚಪ್ಪಲಿ ಬಿಟ್ಟು ಸಲಾಕೆಗೆ ಕೈಮುಗಿದು ಬಿಲ್ಲು ಹರಿದುಕೊಟ್ಟು ಹೋದರು! ಇಲಾಖೆಯೇ ಕೈಮುಗಿದ ಮೇಲೆ ಜನಸಾಮಾನ್ಯರು ಅಡ್ಡಬೀಳುವುದು ತಪ್ಪೇ?

ಈಗ ಎರಡನೆಯ ಅಂಕ. ಮಗಳು ಶೈಲಶ್ರೀ ಚೊಚ್ಚಲ ಬಸುರಿ. ನಮ್ಮ ಮನೆಯಲ್ಲಿ ಕುಬಸದ, ಅಂದರೆ ಸೀಮಂತದ ಸಂಭ್ರಮ. ಹಸಿರು ಸೀರೆ, ಮೊಳಕೈವರೆಗೆ ಹಸಿರು ಬಳೆ. ಕಿಣ್ಣಿ ಸುಲ್ತಾನದಿಂದ ಬೀಗರ ಬಳಗ ಟೆಂಪೋ ತುಂಬಿ ಇಳಿಯಿತು. ಶಿವಕಾಂತಾ ಅಂಗಳ ಸಾರಿಸಿ ರಂಗೋಲಿ ಹಾಕಿದ್ದಳು. ತುಕ್ಕು ಹಿಡಿದ ಸಲಾಕೆ ಬೀಗರ ಕಣ್ಣಿಗೆ ಅಸಹ್ಯವಾಗಿ ಕಾಣದಿರಲೆಂದು ಅದಕ್ಕೂ ಕೆಮ್ಮಣ್ಣು ಬಳಿದು ಸುಣ್ಣದ ಪಟ್ಟೆ ಎಳೆದಿದ್ದಳು. ಮೈಕಿನ ಅಂಗಡಿ ಇಟ್ಟಿರುವ ನನ್ನ ಗೆಳೆಯ ಗೌಸಮೊಹಿದ್ದೀನ ಬಣ್ಣದ ಬಲ್ಬಿನ ಸರಗಳನ್ನು ತಂದು ಚಪ್ಪರದ ತುಂಬ ಇಳಿಬಿಟ್ಟ. ಅವನಿಗೊಂದು ಅನುಮಾನ.

“ರೇವಣಣ್ಣ, ಇಷ್ಟು ದೀಪಕ್ಕ ಆ ಒಂದ ಸಲಾಕಿ ಸಾಲ್ತದೇನು?”

“ಸಾಲ್ತದ ಹಾಕೋ! ಭೂಮಿತಾಯಿ ಅಷ್ಟ ಬಡವಿ ಅಲ್ಲ!”

ದೀಪ ಹೆಚ್ಚಾದಷ್ಟೂ ಸಲಾಕೆಯಲ್ಲಿ ಕರೆಂಟು ಹೆಚ್ಚು ನಿಲ್ಲುತ್ತದೆ, ನೆಲ ಒಣಗಿದಷ್ಟೂ ಇಳಿಯಲಾರದೆ ಅಲ್ಲೇ ಹೆಡೆಯೆತ್ತುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಅವತ್ತು ಚಪ್ಪರದಡಿ ಮಂದಿ ಕೂಡಲೆಂದು ಮೋರಿಯ ನೀರನ್ನು ಬೇರೆ ಕಡೆ ತಿರುಗಿಸಿದ್ದೆವು, ಸಲಾಕೆಯ ಬುಡ ಒಣಗಿತ್ತು. ಗಂಗುಬಾಯಿಯವರು ಕೈಕಾಲು ತೊಳೆದು ಬಂದವರೇ ಸಲಾಕೆ ನೋಡಿ ನಿಂತರು.

“ಬೀಗರ, ಇದು ಯಾವ ದೇವ್ರು?”

ನಾನೋ, ಕೇಳುವವರಿದ್ದರೆ ಎರಡು ಮಾತು ಹೆಚ್ಚು ಆಡುವ ಜಾತಿ. ಮೀಸೆ ತಿರುವಿ ಅಂದೆ: “ನಮ್ಮ ಮನಿ ಬೆಳಕು ಕಾಯೋ ದೇವ್ರು, ಬೀಗತಿಯವರ! ದಿನಾ ನೀರ ಕೇಳ್ತಾನ!” ಹೇಳಿ ನಗುತ್ತ ಹೋಳಿಗೆಯ ಪರಾತ ಹೊರಲು ಹೋದೆ. ಅವರು ನಗಲಿಲ್ಲ ಎಂಬುದನ್ನು ಗಮನಿಸಲಿಲ್ಲ.

ಸಂಜೆಯಾಯಿತು. ದೀಪ ಹಾಕಿದೆವು. ಎಲ್ಲವೂ ಮಂಕು. ಒಳಗಿಂದ ಶಿವಕಾಂತಾಳ ಎಂದಿನ ಕೂಗು: “ಯಾರರ ಆ ಸಲಾಕಿಗಿ ಒಂದ ತಂಬಿಗಿ ನೀರ ಹಾಕ್ರೆವ್ವಾ!” ದೇವರ ಸೇವೆ ತಮ್ಮ ಪಾಲಿಗೆ ಬಂತೆಂದು ಗಂಗುಬಾಯಿಯವರು ಸೆರಗು ಹೊದ್ದು, ಬರಿಗಾಲಲ್ಲಿ ಹೋಗಿ ನೀರು ಸುರಿದರು. ಇನ್ನೊಂದು ಕೈಯಿಂದ ಸಲಾಕೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲು ಹೋದರು. ಮುಟ್ಟಿದ್ದಷ್ಟೇ! ತಂಬಿಗೆ ಒಂದು ಕಡೆ, ಬೀಗತಿ ಒಂದು ಕಡೆ. ನೆಲದ ಮೇಲೆ ಕೂತು ಕೈ ನಡುಗಿಸುತ್ತ, ಕಣ್ಣು ಮೇಲೆ ಮಾಡಿ ಕೂಗಿದರು:

“ಬಂದಾನ! ನನ್ನ ಮೈಯಾಗ ಬಂದಾನ!”

ನಾಟಕದಲ್ಲಿ ಹೀಗೆ ಮೈಮೇಲೆ ಬರಿಸಿಕೊಳ್ಳಲು ನಾವು ವಾರಗಟ್ಟಲೆ ತಾಲೀಮು ಮಾಡುತ್ತೇವೆ. ಅವರು ಒಂದೇ ಪ್ರವೇಶದಲ್ಲಿ ಸಾಧಿಸಿದರು. ಹೆಂಗಸರು ಆರತಿ ತಂದರು. ಯಾರೋ ಭವಿಷ್ಯ ಕೇಳಿದರು. ಗಂಗುಬಾಯಿಯವರು ಮೊಳಕಾಲು ಒತ್ತಿ ನೋಡಿಕೊಂಡು, “ನನ್ನ ಮೊಳಕಾಲ ಬ್ಯಾನಿ ನಿಂತೇಹೋಯ್ತಲ್ರೆವ್ವಾ!” ಎಂದರು. ಆಮೇಲೆ ಸೊಸೆಯ ಕಡೆ ತಿರುಗಿದರು.

“ಶೈಲಾ, ಬಾ ಬೇ ಇಲ್ಲಿ. ನೀನೂ ಮುಟ್ಟು. ಹೊಟ್ಟ್ಯಾಗಿನ ಕೂಸಿಗಿ ಆಶೀರ್ವಾದ ಹತ್ತಲಿ.”

ಅತ್ತೆ ಕರೆದರೆ ಬಾರದ ಸೊಸೆಯಲ್ಲ ನನ್ನ ಮಗಳು. ಬರಿಗಾಲಲ್ಲಿ, ಆ ಹಸಿ ನೆಲದ ಮೇಲೆ, ಹಸಿರು ಬಳೆಯ ಕೈ ಚಾಚಿಕೊಂಡು ಬಂದಳು. ನಾನು ಅಂಗಳದ ಆಚೆ ತುದಿಯಲ್ಲಿ, ತಲೆಯ ಮೇಲೆ ಹೋಳಿಗೆಯ ಪರಾತ. ಬೀಗತಿಯನ್ನು ಕೆಡವಿದ್ದು ಕರೆಂಟು ಎಂದು ಆಗ ಹೊಳೆಯಿತು. ಓಡಿದರೆ ತಲುಪುವುದಿಲ್ಲ. ಮಾನ್ಯರೇ, ಅಷ್ಟು ಹೊತ್ತಿನಲ್ಲಿ ಬೇರೆ ತಂದೆಯಾಗಿದ್ದರೆ ‘ಮಗಳೇ, ಬೇಡ’ ಎನ್ನುತ್ತಿದ್ದನೇನೋ. ನನ್ನ ಗಂಟಲಿಗೆ ಗೊತ್ತಿರುವ ಗರ್ಜನೆ ಒಂದೇ, ಅದು ರೂಢಿಯಾದ ಮಾತಿನ ಸಮೇತ ಹೊರಬಿತ್ತು:

“ನಿಲ್ಲೂ! ಮುಟ್ಟಿದೆಯಾದರೆ ನಿನ್ನ ಕೈಗಳನ್ನು ಕತ್ತರಿಸಿ ಕೋಟೆಯ ಬಾಗಿಲಿಗೆ ತೋರಣ ಕಟ್ಟುವೆ!”

ಪರಾತ ಕೆಳಗೆ, ಹೋಳಿಗೆ ಮಣ್ಣಿನಲ್ಲಿ. ಇಡೀ ಕುಬಸ ಕಲ್ಲಾಯಿತು. ಶೈಲಶ್ರೀಯ ಕೈ ಸಲಾಕೆಯ ಹತ್ತಿರ ಗಾಳಿಯಲ್ಲೇ ನಿಂತಿತು. ನನ್ನ ದನಿಯ ಅರ್ಥ ತಿಳಿದವನು ಗೌಸಮೊಹಿದ್ದೀನ ಒಬ್ಬನೇ. ಓಡಿಹೋಗಿ ಮೇನ್ ಸ್ವಿಚ್ ಎಳೆದ. ಕತ್ತಲಾಯಿತು. ಆ ಕತ್ತಲೆಯಲ್ಲಿ ಮಗಳ ಅಳು ಕೇಳಿತು, ಅದರ ಹಿಂದೆಯೇ ಬೀಗತಿಯ ಮಾತು: “ಬಸುರಿ ಮಗಳಿಗಿ, ಅದೂ ದೇವರ ಮುಂದ, ಕೈ ಕಡೀತೇನಿ ಅಂತಾನಲ್ಲ! ಇವಾ ನಾಟಕದಾಗ ಅಷ್ಟ ರಾಕ್ಷಸ ಅಂತ ತಿಳಿದಿದ್ದೆ!”

ಬೀಗರು ಊಟ ಮಾಡದೆ ಟೆಂಪೋ ಹತ್ತಿದರು. ಶಿವಕಾಂತಾ ಸೊಂಟಕ್ಕೆ ಸೆರಗು ಕಟ್ಟಿ ನನ್ನೆದುರು ನಿಂತಳು. “ಅಂಗಳದಾಗ ಆ ಸಲಾಕಿ ಇರಬೇಕು, ಇಲ್ಲಾ ನಾ ಇರಬೇಕು. ಮಗಳು ಹಡಿಯಾಕ ಬಂದಾಳ, ದಿನಾ ಸಂಜಿಗಿ ಬಚ್ಚಲಕ್ಕ ಹೋಗಬೇಕು. ಬೆಳಕೂ ಬೇಕು, ಜೀವಾನೂ ಬೇಕು. ಏನ್ ಮಾಡ್ತೀರಿ ಮಾಡ್ರಿ.”

ಸಲಾಕೆ ಅವತ್ತೇ ಕಿತ್ತೆ. ಮರುದಿನ ನಾನೂ ಗೌಸಮೊಹಿದ್ದೀನನೂ ಅಫಜಲಪುರದ ಜಸ್ಮೀನಳ ಅಂಗಡಿಗೆ ಹೋದೆವು. ವಾಯರಿಂಗ್ ಕಲಿತು ಲೈಸೆನ್ಸ್ ಪಡೆದಾಕೆ, ಬಾಯಿಯಲ್ಲಿ ನನಗಿಂತ ಒಂದು ಮಜಲು ಮೇಲೆ. ನಮ್ಮ ಕಥೆ ಕೇಳಿ ಮೊದಲು ಹೊಟ್ಟೆ ಹಿಡಿದು ನಕ್ಕಳು, ಆಮೇಲೆ ಬೈದಳು.

“ನೆಲಕ್ಕ ಕೊಟ್ಟೀರಿ ಅಂದ್ರ ನೆಲದ ಮ್ಯಾಲ ನಿಂತವ್ರಿಗೆಲ್ಲಾ ಕೊಟ್ಟಂಗ, ಕಾಕಾ! ಮಂದಿ, ದನಾ, ಕೋಳಿ, ಯಾರನ್ನೂ ಬಿಟ್ಟಿಲ್ಲ ನೀವು. ಖಳನಾಯಕ ಅಂತ ಬೋರ್ಡ್ ಬ್ಯಾರೆ!”

“ಅವ್ವಾ, ಬೈಯ್ಯೋದು ಆಮ್ಯಾಲ ಬೈ. ಮೊದಲ ದಾರಿ ಹೇಳು.”

ಅವಳು ಗಾಜಿನ ಕಪಾಟಿನಿಂದ ಬೆರಳುದ್ದದ ದೀಪಗಳನ್ನೂ ಒಂದು ಸಣ್ಣ ಡಬ್ಬಿಯನ್ನೂ ತೆಗೆದಿಟ್ಟಳು. ಹನ್ನೆರಡು ವೋಲ್ಟಿನ ಅಂಗಳದ ದೀಪ. ಗೌಸಮೊಹಿದ್ದೀನ ಒಂದನ್ನು ಎತ್ತಿ, “ಈ ಡಬ್ಬಿ ಯಾಕ ಬೇಕು? ಸೀದಾ ಬೋರ್ಡಿಗಿ ಕೊಟ್ರ?” ಎಂದ. “ದೀಪಾವಳಿ ಆಗ್ತದ!” ಎಂದು ಜಸ್ಮೀನ ಅವನ ಕೈಯಿಂದ ಕಿತ್ತುಕೊಂಡಳು. “ಮನಿ ಕರೆಂಟು ಇನ್ನೂರ ಮೂವತ್ತು. ಅದನ್ನ ಹನ್ನೆರಡಕ್ಕ ಇಳಿಸೋದು ಈ ಡಬ್ಬಿ. ಇದು ಮನಿ ಒಳಗ, ಒಣಾ ಜಾಗಾದಾಗ, ಕೂಸಿಗಿ ಎಟುಕದಂಗ ಇರ್ಬೇಕು. ಅಂಗಳಕ್ಕ ಹೋಗೋದು ಬರೇ ಈ ಸಣ್ಣ ಕರೆಂಟು. ದೀಪದ ಎರಡೂ ಎಳಿ ತಿರುಗಿ ಇದೇ ಡಬ್ಬಿಗೇ ಬರ್ಬೇಕು. ನೆಲಕ್ಕ ಒಂದೂ ಮುಟ್ಟಂಗಿಲ್ಲ, ತಿಳೀತೇನ್ರಿ?”

ತಿಳಿಯಿತು! ನನ್ನ ಭಾಷೆಯಲ್ಲೇ ತಿಳಿಯಿತು. ಮನೆಯ ಕರೆಂಟು ಎಂದರೆ ರಂಗದ ಮೇಲಿನ ನನ್ನ ಗರ್ಜನೆ. ಡಬ್ಬಿಯಿಂದ ಹೊರಬರುವುದು ಪರದೆಯ ಹಿಂದೆ ನಿಂತು ಮಾತು ಹೇಳಿಕೊಡುವವನ ಪಿಸುದನಿ. ಗರ್ಜನೆ ಒಳಗೇ ಇರಲಿ, ಅಂಗಳಕ್ಕೆ ಪಿಸುದನಿ ಸಾಕು. ಕತ್ತಲೆಯಲ್ಲಿ ದಾರಿ ತೋರಿಸಲು ಯಾರೂ ಗರ್ಜಿಸಬೇಕಿಲ್ಲ.

ಮತ್ತಷ್ಟು ಪಾಠ ಹೇಳಿದಳು. ಡಬ್ಬಿಯ ಮೇಲೆ ಬರೆದ ವ್ಯಾಟಿಗಿಂತ ಎಲ್ಲ ದೀಪಗಳ ವ್ಯಾಟು ಕೂಡಿದರೂ ಕಡಿಮೆಯೇ ಇರಬೇಕು. ತಂತಿಯನ್ನು ಪೈಪಿನೊಳಗೆ ಒಯ್ಯಬೇಕು, ಬೀದಿಯ ಬೇಲಿಗೆ ಸುತ್ತಬಾರದು. ಗಂಟು ಹಾಕಿದ ಕಡೆ ಬರೀ ಟೇಪು ಸುತ್ತಿ ಮಳೆಗೆ ಬಿಡದೆ, ನೀರು ಹೋಗದ ಮುಚ್ಚಳದ ಪೆಟ್ಟಿಗೆಯೊಳಗೆ ಕೂರಿಸಬೇಕು. ಬೋರ್ಡಿನ ಕೆಲಸಕ್ಕೆ ನಾವು ಕೈ ಹಾಕುವಂತಿಲ್ಲ, ತಾನೇ ಬರುತ್ತೇನೆಂದಳು. ಬಂದವಳು ಬೋರ್ಡಿನಲ್ಲಿ ಒಂದು ಇಎಲ್‌ಸಿಬಿ ಕೂರಿಸಿದಳು. ಕರೆಂಟು ಹಾದಿ ತಪ್ಪಿ ನೆಲಕ್ಕೋ ಮೈಗೋ ಇಳಿದರೆ ತಕ್ಷಣ ಮನೆಯ ಕರೆಂಟು ಕಡಿಯುವ ಕಾವಲುಗಾರ ಅದು. ಕೂರಿಸಿ ಇನ್ನೂ ಬೆವರು ಒರೆಸಿಕೊಂಡಿರಲಿಲ್ಲ, ಟಕ್ ಎಂದು ಬಿದ್ದಿತು. ಎತ್ತಿದಳು. ಮತ್ತೆ ಟಕ್.

“ಕೆಟ್ಟದ್ದು ಕೊಟ್ಟಿ ಏನವ್ವಾ?” ಎಂದೆ.

“ಅದು ಕೆಟ್ಟಿಲ್ಲ, ಕಾಕಾ. ನಿಮ್ಮ ಮನಿಯಾಗ ಖರೇ ಮಾತಾಡೋದು ಅದೊಂದೇ ಅದ. ನೆಲಕ್ಕ ಇನ್ನೊಂದ ಎಲ್ಲೋ ಕೊಟ್ಟೀರಿ, ಹುಡುಕ್ರಿ!”

ಹುಡುಕಿದೆವು. ಹಿತ್ತಲ ಕೋಳಿಗೂಡಿನ ದೀಪಕ್ಕೂ ನಾನು ಹಿಂದೆಂದೋ ನೆಲ ತೋರಿಸಿದ್ದೆ. ಅದನ್ನು ಬಿಚ್ಚಿದ ಮೇಲೆ ಕಾವಲುಗಾರ ಸುಮ್ಮನೆ ನಿಂತ. ಹೊಸ್ತಿಲಿನಿಂದ ಬಚ್ಚಲವರೆಗೆ ಸಣ್ಣ ದೀಪಗಳ ಸಾಲು ಹತ್ತಿತು. ಶಿವಕಾಂತಾ ಒಂದೊಂದನ್ನೂ ಮುಟ್ಟಿ ನೋಡಿದಳು. ಶೈಲಶ್ರೀ ಆ ಬೆಳಕಿನಲ್ಲಿ ಹೋಗಿಬಂದಳು, ಹಡೆದಳು, ಈಗ ಅದೇ ಬೆಳಕಿನಲ್ಲಿ ಮಗಳನ್ನು ಎತ್ತಿಕೊಂಡು ತಿರುಗುತ್ತಾಳೆ. ಕೂಸು ದೀಪ ಕಂಡರೆ ಕೈ ಚಾಚುತ್ತದೆ. ಚಾಚಲಿ ಬಿಡಿ, ಇಲ್ಲಿ ಭಯವಿಲ್ಲ.

ಭಯವಿರುವುದು ಕಿಣ್ಣಿ ಸುಲ್ತಾನದಲ್ಲಿ. ಅಲ್ಲಿಯ ಓಣಿಯಲ್ಲೂ ನ್ಯೂಟ್ರಲಿನದು ಇದೇ ಚಾಳಿ, ಅಳಿಯ ಅಮೃತನ ಮನೆಯ ಕೊಟ್ಟಿಗೆಯ ದೀಪಕ್ಕೂ ಇದೇ ಸಲಾಕೆ. ಮೊದಲು ಅದನ್ನು ಯಾರೂ ಮೂಸುತ್ತಿರಲಿಲ್ಲ. ಕುಬಸದಿಂದ ಮರಳಿದ ಗಂಗುಬಾಯಿಯವರು ಅದನ್ನು ನೋಡಿ, ‘ಅತನೂರಿನ ದೇವ್ರು ನಮ್ಮ ಮನಿಯಾಗೂ ಅದಾನ!’ ಎಂದು ಕಟ್ಟೆ ಕಟ್ಟಿಸಿದ್ದಾರೆ. ಸಂಜೆ ದೀಪ ಹತ್ತಿದ ಮೇಲೆ ಬರಿಗಾಲಲ್ಲಿ ನೀರು, ಅರಿಶಿನ, ಕುಂಕುಮ. ನೆರೆಯ ಹೆಂಗಸರು ಮೊಳಕಾಲು ಹಿಡಿದುಕೊಂಡು ಬರುತ್ತಿದ್ದಾರಂತೆ. ನೆಲ ಹಸಿ ಇದ್ದ ದಿನ ದೇವರು ಮೌನ, ಒಣಗಿದ ದಿನ ಕೈ ಝುಂ ಎನ್ನುತ್ತದೆ. ಬೇಸಿಗೆ ಏರುತ್ತಿದೆ, ಮಾನ್ಯರೇ.

ನಾನು ಸುಮ್ಮನೆ ಕೂತಿಲ್ಲ. ಜಸ್ಮೀನಳ ಅಂಗಡಿಯಿಂದ ಅದೇ ದೀಪಗಳ ಇನ್ನೊಂದು ಜೊತೆಯನ್ನು ಡಬ್ಬಿ ಸಮೇತ ಅಳಿಯನ ಕೈಗೆ ಕೊಟ್ಟು ಕಳಿಸಿದೆ. ಬೀಗತಿಯ ಫೋನು ಬಂತು.

“ಬೀಗರ, ಇದೆಂಥಾ ದೀಪ ಕಳಿಸೀರಿ? ಮುಟ್ಟಿದ್ರ ಝುಂ ಅನ್ನಂಗಿಲ್ಲ, ಏನಿಲ್ಲ. ಸತ್ವನ ಇಲ್ಲ ಇದರಾಗ!”

“ಅದ ಅದರ ಸತ್ವ, ಬೀಗತಿಯವರ! ಝುಂ ಅನ್ನಬಾರದು! ನಿಮ್ಮ ಕೈಗಿ ಹತ್ತಿದ್ದು ಕರೆಂಟು. ಕೂಸಿನ ಕೈ ಹಚ್ಚಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೇನಿ.”

“ನಾಟಕದಾಗೂ ಹಿಂಗ ಕಾಲಿಗಿ ಬಿದ್ದು ಆಮ್ಯಾಲ ವಿಷಾ ಹಾಕ್ತೀರಿ. ನಾ ನೋಡೇನಿ. ಕೂಸು ಮೊದಲ ದೇವರ ಕಂಬ ಮುಟ್ಟಬೇಕು, ಆಮ್ಯಾಲ ಒಳಗ ಬರ್ಬೇಕು.”

ಇದು ನನ್ನ ದುರಂತ. ಜೀವಮಾನವಿಡೀ ಸುಳ್ಳನ್ನು ಎಷ್ಟು ಚೆಂದಾಗಿ ಹೇಳಿದೆನೆಂದರೆ, ಒಂದೇ ಒಂದು ಸಲ ನಿಜ ಹೇಳಿದಾಗ ಪ್ರೇಕ್ಷಕರು ಒಪ್ಪುತ್ತಿಲ್ಲ. ಅಳಿಯನಿಗೆ ಸತ್ಯ ಗೊತ್ತು. “ಮಾವಾ, ವಾಯರ್ ಬಿಚ್ಚಿದ್ರ ದೀಪ ಹೋಗ್ತದ, ದೀಪ ಹೋದ್ರ ಅವ್ವ ಮನಿ ಹಾರಿಸ್ತಾಳ. ನೀವು ಕಳಿಸಿದ ಡಬ್ಬಿನೂ ನ್ಯೂಟ್ರಲ್ಲಿಗಿ ಕೊಟ್ಟು ನೋಡಿದೆ, ಅದು ಮಿಣಕ್ ಮಿಣಕ್ ಅಂದು ಸುಮ್ಮನಾತು” ಎನ್ನುತ್ತಾನೆ. ಅಂದರೆ ಬೀಗತಿಯ ಭಕ್ತಿಗೂ ಅಳಿಯನ ಅಸಹಾಯಕತೆಗೂ ನಡುವೆ ತೂಗುತ್ತಿರುವುದು ನಿಮ್ಮ ಕಂಬದ ಮೇಲಿನ ಆ ಸಡಿಲ ಗಂಟೇ.

ಆ ಗಂಟಿನ ದೂರು ಕೊಡಲು ತಮ್ಮ ಕಚೇರಿಗೂ ಬಂದಿದ್ದೆ. ಅಲ್ಲಿ ಕೂತ ಮಹನೀಯರಿಗೂ ನನಗೂ ನಡೆದ ಸಂಭಾಷಣೆಯನ್ನು ಯಾವ ನಾಟಕಕಾರನೂ ಬರೆಯಲಾರ.

“ದೀಪ ಹತ್ತತಾವೇನ್ರಿ?”

“ಹತ್ತತಾವ್ರಿ, ನೆಲದಿಂದ.”

“ಹತ್ತತಾವ ಅಂದ್ಮ್ಯಾಲ ದೂರು ಹ್ಯಾಂಗ ಬರ್ಕೋಬೇಕ್ರಿ?”

ನೋಡಿದಿರಾ? ದೀಪ ಆರಿದರೆ ದೂರು, ಪ್ರಾಣ ಆರಿದರೆ ಪರಿಹಾರ. ಇವೆರಡರ ನಡುವೆ ನಡುಗುತ್ತಿರುವ ಕೈಗೆ ನಿಮ್ಮಲ್ಲಿ ಯಾವ ಖಾನೆಯೂ ಇಲ್ಲ. ವಿದ್ಯುತ್ ಸುರಕ್ಷತೆಯ ಜೀಪೊಂದು ನಮ್ಮ ಊರಿಗೂ ಬಂದಿತ್ತು, ನಿಜ. ‘ಭೂಸಂಪರ್ಕ ವ್ಯವಸ್ಥೆಯ ದುರುಪಯೋಗವನ್ನು ತಡೆಗಟ್ಟುವ ಮೂಲಕ ಸಹಕರಿಸಬೇಕಾಗಿ ವಿನಂತಿ’ ಎಂದು ಘೋಷಿಸುತ್ತ ಹೋಯಿತು. ಶಿವಕಾಂತಾ “ಏನಂದ್ರಿ ಅವ್ರು?” ಎಂದಳು. ಉದ್ದುದ್ದ ಸಂಭಾಷಣೆಯನ್ನು ಒಂದೇ ಉಸಿರಿನಲ್ಲಿ ಹೇಳುವ ನಾನೇ ಕಿವಿ ಕೆರೆದುಕೊಂಡೆ. ನೆಲಕ್ಕೆ ಕೊಟ್ಟರೆ ನಿಂತವರಿಗೆಲ್ಲ ಕೊಟ್ಟಂತೆ, ಎಂದು ಆ ಜೀಪು ಒಂದು ಸಾಲು ಕೂಗಿದ್ದರೆ ಓಣಿಯ ಸಲಾಕೆಗಳೆಲ್ಲ ಅವತ್ತೇ ಗುಜರಿ ಸೇರುತ್ತಿದ್ದವು. ಮುಟ್ಟಬೇಡಿ, ಮುಟ್ಟಬೇಡಿ ಎಂದು ತಲೆಬುರುಡೆಯ ಚಿತ್ರ ಬರೆಯುತ್ತೀರಿ. ಮುಟ್ಟದೆ ಬದುಕುವುದು ಹೇಗೆ? ಕತ್ತಲಾಗುತ್ತದೆ, ಹಡೆದ ಹೆಣ್ಣುಮಗಳು ಅಂಗಳ ದಾಟಬೇಕು, ಚೇಳು ಹರಿದಾಡುತ್ತವೆ, ದೀಪ ಬೇಕು. ಅದನ್ನು ಹೇಗೆ ಜೋಡಿಸಬೇಕೆಂದು ಹೇಳುವ ಚಿತ್ರ ಎಲ್ಲಿದೆ?

ಆದ್ದರಿಂದ ಕೊನೆಯ ಅಂಕವನ್ನು ತಮಗೆ ಬಿಟ್ಟಿದ್ದೇನೆ. ಯುಗಾದಿಗೆ ಮೊದಲು ಎರಡೂ ಊರಿನ ಕಂಬ ಹತ್ತಿಸಿ ನ್ಯೂಟ್ರಲ್ ಬಿಗಿ ಮಾಡಿಸಿ. ಸಲಾಕೆಗೆ ಸುತ್ತಿದ ತಂತಿಗಳನ್ನು ಬಿಚ್ಚಿಸಿ, ದೀಪಗಳ ಎರಡೂ ಎಳೆಯನ್ನು ಮನೆಗೆ ಮರಳಿಸಿ. ಬೀಗತಿಯ ಕಟ್ಟೆ ಒಡೆಯಬೇಡಿ, ಸಲಾಕೆ ಕೀಳಬೇಡಿ. ತಂತಿ ಬಿಚ್ಚಿದ ಮೇಲೆ ಅವರು ಬೇಕಾದಷ್ಟು ನೀರು ಹಾಕಲಿ, ಮೊಮ್ಮಗಳು ಬೇಕಾದಷ್ಟು ಮುಟ್ಟಲಿ. ಕರೆಂಟಿಲ್ಲದ ದೇವರಿಂದ ಯಾರಿಗೂ ತೊಂದರೆಯಾದ ಉದಾಹರಣೆ ನಮ್ಮ ಸೀಮೆಯಲ್ಲಿಲ್ಲ.

ಆದರೆ ಒಂದು ಷರತ್ತು. ತಾವೇ ಬರಬೇಕು. ಇಲಾಖೆಯ ಫಲಕವಿರುವ ಜೀಪಿನಲ್ಲಿ ಬಂದು, ಕಿಣ್ಣಿ ಸುಲ್ತಾನದ ಆ ಅಂಗಳದಲ್ಲಿ ನಿಂತು, ಬೀಗತಿಗೆ ಒಂದೇ ಒಂದು ಮಾತು ಹೇಳಬೇಕು. ನಾನು ಹೇಳಿದರೆ ನಾಟಕ, ತಾವು ಹೇಳಿದರೆ ಸರ್ಕಾರ. ಕಷ್ಟದ ಮಾತಲ್ಲ, ತಾಲೀಮೂ ಬೇಡ. ಅವರ ಕಣ್ಣು ನೋಡಿ, ಸಣ್ಣ ದನಿಯಲ್ಲಿ ಅಂದರೆ ಸಾಕು:

“ಅವ್ವಾ, ಅವತ್ತು ನಿಮ್ಮ ಮೈಯಾಗ ಬಂದಾಂವ ದೇವ್ರಲ್ಲ. ನಾವು.”

ಇಂತಿ,
ಪ್ರತಿ ನಾಟಕದ ಕೊನೆಯಲ್ಲೂ ಸತ್ತು ಚಪ್ಪಾಳೆ ಗಿಟ್ಟಿಸುವ, ಬೀಗರ ಮನೆಯಲ್ಲಿ ಮಾತ್ರ ಇನ್ನೂ ಬೈಗುಳ ತಿನ್ನುತ್ತಿರುವ,
ಖಳನಾಯಕ ರೇವಣಪ್ಪ, ಅತನೂರ